ಅಂಗೈ ಹೋಗಬೇಕು, ಮುಷ್ಟಿ ಬರಬಾರದು

ಎತ್ತರದ ಕಟ್ಟಡಗಳಿಗೆ ಹಗ್ಗದಲ್ಲಿ ನೇತಾಡಿಕೊಂಡು ಬಣ್ಣ ಬಳಿಯುವವರಲ್ಲಿ ಒಂದು ಕಟ್ಟಳೆಯಿದೆ. ತಾರಸಿಯಿಂದ ಕೆಳಗಿಳಿಯುವ ಮುಂಚೆ ಜೋಡಿಯಲ್ಲಿ ಒಬ್ಬನ ಸೊಂಟದ ಪಟ್ಟಿಯನ್ನು ಇನ್ನೊಬ್ಬ ಕೈಹಾಕಿ ನೋಡಬೇಕು. ಪಟ್ಟಿಯ ಒಳಗೆ ಅಂಗೈ ಚಪ್ಪಟೆಯಾಗಿ ಹೋಗಬೇಕು. ಒಳಗೇ ಮುಷ್ಟಿ ಕಟ್ಟಿ ಎಳೆದರೆ ಆ ಮುಷ್ಟಿ ಹೊರಗೆ ಬರಬಾರದು. ಬಂತೋ, ಪಟ್ಟಿ ಸಡಿಲ. ಬಿಚ್ಚಿ ಮತ್ತೆ ಕಟ್ಟು. ಅವನು ಇವನದು ನೋಡಿದ ಮೇಲೆ ಇವನು ಅವನದು ನೋಡಬೇಕು. ತನ್ನ ಪಟ್ಟಿಯನ್ನು ತಾನೇ ನೋಡಿಕೊಂಡು ಸರಿಯಿದೆ ಅನ್ನುವವನನ್ನು ಆ ಕಸುಬಿನಲ್ಲಿ ಯಾರೂ ನಂಬುವುದಿಲ್ಲ.

ನಮ್ಮ ಡ್ರಮ್ಮಣ್ಣ ಈ ಕಟ್ಟಳೆಗೆ ಲೆಕ್ಕವಿಟ್ಟಂತೆ ಹನ್ನೊಂದು ದಿನ ಟೋಪಿ ಹಾಕಿದ.

ಡ್ರಮ್ಮಣ್ಣ ಅನ್ನುವುದು ಅಡ್ಡಹೆಸರು. ನೂರ ಮೂವತ್ತೆಂಟು ಕಿಲೋ ಇದ್ದಾಗ ಅವನು ಬಣ್ಣದ ಡ್ರಮ್ಮುಗಳ ನಡುವೆ ನಿಂತರೆ ಯಾವುದು ಡ್ರಮ್ಮು, ಯಾರು ಮನುಷ್ಯ ಅಂತ ತಿಳಿಯುತ್ತಿರಲಿಲ್ಲ ಎಂದು ಯಾರೋ ನಗೆಯಾಡಿದರು, ಹೆಸರು ಅಂಟಿಕೊಂಡಿತು. ಒಂದು ಕಾಲಕ್ಕೆ ಹಗ್ಗದ ಮೇಲೆ ಅವನಂಥ ಕೆಲಸಗಾರ ಇರಲಿಲ್ಲ. ಮೈ ಬೆಳೆಯುತ್ತ ಹೋಯಿತು. ಕೊನೆಗೊಂದು ದಿನ ಮೇಸ್ತ್ರಿ ಹೆಗಲ ಮೇಲೆ ಕೈಯಿಟ್ಟು, "ಹಗ್ಗ ನಿನ್ನನ್ನ ತಡ್ಕೊಳುತ್ತೆ ಕಣಯ್ಯಾ, ನನ್ನ ಎದೆ ತಡ್ಕೊಳಲ್ಲ. ಕೆಳಗಿರು," ಅಂದ. ಹಾಗೆ ಏಳು ವರ್ಷ ನೆಲದ ಮೇಲೆ ಬಣ್ಣ ಕಲಸಿದ. ತಾನೇ ಕೈಹಿಡಿದು ಕಸುಬು ಕಲಿಸಿದ ಹೆಂಡತಿಯ ತಮ್ಮ ಮೇಲೆ ಹಗ್ಗದಲ್ಲಿ ಶಿಳ್ಳೆ ಹಾಕುತ್ತಿದ್ದರೆ, ಇವನು ಕೆಳಗೆ ನಿಂತು ಕತ್ತು ನೋಯುವಷ್ಟು ಹೊತ್ತು ನೋಡುತ್ತಿದ್ದ.

"ಎಂಬತ್ತಕ್ಕೆ ಇಳಿ, ಹಗ್ಗ ಕೊಡ್ತೀನಿ," ಅಂತ ಮೇಸ್ತ್ರಿ ಯಾವತ್ತೋ ತಮಾಷೆಗೆ ಅಂದಿದ್ದ. ಇವನು ಅದನ್ನು ಹಟಕ್ಕೆ ತೆಗೆದುಕೊಂಡ. ಎರಡೂವರೆ ವರ್ಷ ಬಾಯಿ ಕಟ್ಟಿದ, ಬೆಳಗ್ಗೆ ನಡೆದ, ಸಂಜೆ ನಡೆದ. ತಕ್ಕಡಿಯ ಮುಳ್ಳು ಎಪ್ಪತ್ತಾರಕ್ಕೆ ಬಂದು ನಿಂತ ದಿನ ಮೇಸ್ತ್ರಿಯ ಮುಂದೆ ಹೋಗಿ ನಿಂತ. ಪಾಪ, ಮೇಸ್ತ್ರಿ ಮಾತಿಗೆ ತಪ್ಪುವ ಮನುಷ್ಯನಲ್ಲ, ಹಗ್ಗ ಕೊಟ್ಟ.

ಆದರೆ ಇಳಿದದ್ದು ಕೊಬ್ಬು ಮಾತ್ರ, ತೊಗಲು ಇಳಿಯಲಿಲ್ಲ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂದ ಹಾಗೆ, ಬೊಜ್ಜು ಹೋದ ಜಾಗದಲ್ಲಿ ಚರ್ಮ ಜೋತು ಬಿತ್ತು. ಹೊಟ್ಟೆಯದು ಮಡಿಕೆ ಮಡಿಕೆಯಾಗಿ, ಕೂತರೆ ತೊಡೆಯ ಮೇಲೆ ಬಂದು ಕೂರುತ್ತಿತ್ತು. ತೋಳಿನದು ಕೈಯೆತ್ತಿದರೆ ಅಲ್ಲಾಡುತ್ತಿತ್ತು. ಮೆಟ್ಟಿಲಿಳಿಯುವಾಗ ತೊಗಲು ತೊಗಲಿಗೆ ಬಡಿಯುವ ಸದ್ದು ತನಗೊಬ್ಬನಿಗೇ ಕೇಳುತ್ತದೋ ಪಕ್ಕದವನಿಗೂ ಕೇಳುತ್ತದೋ ಅಂತ ಅವನಿಗೆ ಸದಾ ಅನುಮಾನ. ಮಡಿಕೆಯೊಳಗೆ ಬೆವರು ನಿಂತು ಕೆಂಪಗೆ ಹುಣ್ಣಾಗುತ್ತಿತ್ತು. ದಿನಾ ಒರೆಸಿ, ಪೌಡರ್ ಹಾಕಿ, ಹಳೆಯ ಹತ್ತಿ ಬಟ್ಟೆಯ ಚೂರು ತೂರಿಸಿಕೊಳ್ಳಬೇಕು.

"ವ್ಯಾಯಾಮ ಮಾಡಿದ್ರೆ ಬಿಗಿಯಾಗುತ್ತಾ ಡಾಕ್ಟ್ರೇ?" ಎಂದು ಕೇಳಿದ್ದ.

"ಅಷ್ಟು ವರ್ಷ ಹಿಗ್ಗಿದ್ದು ತಾನಾಗೇ ಹಿಂದಕ್ಕೆ ಹೋಗಲ್ಲ," ಅಂದಿದ್ದರು ಡಾಕ್ಟರಮ್ಮ. "ಆಪರೇಷನ್ ಮಾಡಿ ತೆಗೀಬಹುದು. ಆದ್ರೆ ಇನ್ನೊಂದು ವರ್ಷ ತೂಕ ಹೀಗೇ ನಿಲ್ಲಲಿ, ಆಮೇಲೆ ನೋಡೋಣ."

ನನಗೆ ಸಿಟ್ಟು ಬರುವುದು ಇಲ್ಲಿಯೇ ನೋಡಿ. ದಪ್ಪಗಿದ್ದಾಗ ನಾಲ್ಕು ಜನರ ಮುಂದೆ ಅಂಗಿ ಬಿಚ್ಚಿ, ಹೊಟ್ಟೆ ತಟ್ಟಿಕೊಂಡು ನಕ್ಕವನು, ಇಳಿದ ಮೇಲೆ ಹೆಂಡತಿಯ ಮುಂದೆಯೂ ಬನಿಯನ್ ಬಿಚ್ಚಲಿಲ್ಲ. ಬಚ್ಚಲಿಗೆ ಹೋದರೆ ಚಿಲಕ. ಮಲಗಿದರೆ ಗೋಡೆಯ ಕಡೆ ಮುಖ. ಅವಳು ಬೆನ್ನ ಮೇಲೆ ಕೈಯಿಟ್ಟರೆ "ಸೆಕೆ ಕಣೇ" ಅಂತ ಸರಿಯುತ್ತಿದ್ದ. ಇಡೀ ಬೀದಿಯೇ ಭೇಷ್ ಅಂದ ಕೆಲಸ ಮಾಡಿ, ಕದ್ದ ಮಾಲು ಹೊತ್ತವನ ಹಾಗೆ ತಿರುಗುತ್ತಿದ್ದ.

ಇಂಥವನಿಗೆ ಸೊಂಟಕ್ಕೆ ಪಟ್ಟಿ ಕಟ್ಟು ಅಂದರೆ? ಪಟ್ಟಿ ಬಿಗಿದರೆ ತೊಗಲು ಮೇಲೊಂದು ಕೆಳಗೊಂದು ಮಡಿಕೆಯಾಗಿ ಅಂಗಿಯ ಹೊರಗೂ ಎದ್ದು ಕಾಣುತ್ತಿತ್ತು, ಕೊಂಡಿಗೆ ಸಿಕ್ಕಿ ಜೀವ ಹೋಗುವ ಹಾಗೆ ಚಿವುಟುತ್ತಿತ್ತು. ಅದಕ್ಕೆ ಅವನೊಂದು ಉಪಾಯ ಕಂಡುಕೊಂಡ. ಮೊದಲು ತೊಗಲನ್ನೆಲ್ಲ ಒತ್ತಿ ಸಮ ಮಾಡಿ, ಸೊಂಟದ ಸುತ್ತ ದಪ್ಪ ಸ್ನಾನದ ಟವೆಲ್ಲು ಸುತ್ತಿ, ಅದರ ಮೇಲೆ ಅಂಗಿ, ಅದರ ಮೇಲೆ ಪಟ್ಟಿ. ಕನ್ನಡಿಯಲ್ಲಿ ನೋಡಿದರೆ ಗಟ್ಟಿಮುಟ್ಟಾದ ಆಳು. ಇದನ್ನೆಲ್ಲ ಕಟ್ಟಡದ ಶೌಚಾಲಯದೊಳಗೆ ಮುಗಿಸಿಕೊಂಡೇ ತಾರಸಿಗೆ ಬರುತ್ತಿದ್ದ.

ಮೊದಲ ದಿನ ಜೋಡಿಯಾಗಿದ್ದ ಭಾವಮೈದುನ ಅಭ್ಯಾಸದಂತೆ ಕೈ ಮುಂದೆ ಚಾಚಿದ. ಡ್ರಮ್ಮಣ್ಣ ಬೆಂಕಿ ತಗುಲಿದವನಂತೆ ಹಿಂದಕ್ಕೆ ಹಾರಿದ.

"ನಾನು ಕಟ್ಕೊಂಡೇ ಬಂದಿದೀನಿ ಕಣೋ! ನಿಂಗೆ ಪಟ್ಟಿ ಕಟ್ಟೋದು ಕಲಿಸಿದ್ದು ಯಾರು?"

"ನೀವೇ ಭಾವ. ಆದ್ರೂ..."

"ಆದ್ರೂ ಇಲ್ಲ, ಗೀದ್ರೂ ಇಲ್ಲ. ಇಳಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನ ಕೈ ಹೊಟ್ಟೆಯ ಮೇಲೇ ಇತ್ತು. ಭಾವಮೈದುನ ಗುರುವಿನ ಮಾತು ಅಂತ ಸುಮ್ಮನಾದ. ಮೇಸ್ತ್ರಿ ಕೆಳಗೆ ನಿಂತಿರುತ್ತಿದ್ದ, ತಾರಸಿಯ ಮೇಲೆ ನಡೆಯುವುದು ಅವನಿಗೆ ಕಾಣುತ್ತಿರಲಿಲ್ಲ. ಮಾರನೆಯ ದಿನದಿಂದ ಡ್ರಮ್ಮಣ್ಣ ಬಂದವನೇ ಹಗ್ಗ ಸಿಕ್ಕಿಸಿಕೊಂಡು, ಯಾರ ಮುಖವನ್ನೂ ನೋಡದೆ ಗೋಡೆಯಾಚೆ ಇಳಿದುಬಿಡುತ್ತಿದ್ದ.

ಹನ್ನೊಂದನೆಯ ದಿನ, ಬೆಳಗ್ಗೆ ಹತ್ತೂವರೆ. ಒಂಬತ್ತನೇ ಮಹಡಿ. ಕೂರುವ ಹಲಗೆಗೆ ಒಂದು ಹಗ್ಗ, ಸೊಂಟದ ಪಟ್ಟಿಗೆ ಇನ್ನೊಂದು. ಕಿಟಕಿಯ ಮೇಲಿನ ಮೂಲೆಗೆ ಬ್ರಷ್ಷು ಎಟುಕಲಿಲ್ಲ. ಡ್ರಮ್ಮಣ್ಣ ಸ್ವಲ್ಪ ವಾಲಿದ, ಇನ್ನೂ ಸ್ವಲ್ಪ ವಾಲಿದ. ಹಲಗೆ ತಿರುಗಿ ಅವನ ತೊಡೆಯ ಕೆಳಗಿನಿಂದ ಜಾರಿತು.

ಬೀಳಲಿಲ್ಲ, ಪಟ್ಟಿ ಹಿಡಿಯಿತು. ಆದರೆ ಪಟ್ಟಿ ಹಿಡಿದದ್ದು ಟವೆಲ್ಲನ್ನು, ಅವನನ್ನಲ್ಲ. ಮೈಯ ಭಾರ ಬಿದ್ದ ಕೂಡಲೇ ಟವೆಲ್ಲು ಅಮುಕಿಹೋಗಿ ಕೆಳಗೆ ಜಾರಿತು, ಸಡಿಲವಾದ ಪಟ್ಟಿ ಹೊಟ್ಟೆ ದಾಟಿ, ಪಕ್ಕೆಲುಬು ದಾಟಿ, ಅಂಗಿಯನ್ನೂ ಬನಿಯನ್ನನ್ನೂ ತೊಗಲನ್ನೂ ಒಟ್ಟಿಗೆ ಎಳೆದುಕೊಂಡು ಕಂಕುಳಿಗೆ ಬಂದು ಸಿಕ್ಕಿಕೊಂಡಿತು. ಈಗ ಅವನನ್ನು ಹಿಡಿದಿದ್ದದ್ದು ಎರಡು ಕಂಕುಳು ಮಾತ್ರ. ಕೈ ಮೇಲೆತ್ತಿದನೋ, ಅಂಗಿ ಕಳಚಿದ ಹಾಗೆ ಪಟ್ಟಿ ಕಳಚಿ ಹೋಗುತ್ತಿತ್ತು.

ಬಿದ್ದವನ ಕೈ ಹಗ್ಗಕ್ಕೆ ಹಾರುವುದು ಸಹಜ. ಅವನ ಬಲಗೈ ಆಗಲೇ ಹೊರಟಿತ್ತು.

"ಭಾವಾ! ಕೈ ಎತ್ಬೇಡಿ!" ನಾಲ್ಕು ಕಿಟಕಿಯಾಚೆಯಿಂದ ಭಾವಮೈದುನ ಕಿರುಚಿದ. "ತೋಳು ಒತ್ತಿ ಹಿಡೀರಿ! ನಾನು ಬಂದೆ!"

ಡ್ರಮ್ಮಣ್ಣ ತೋಳನ್ನು ಪಕ್ಕೆಗೆ ಒತ್ತಿ ಹಿಡಿದ. ಆಗ ಗಾಳಿ ಬಂತು. ಹೊಟ್ಟೆಗೆ ತಣ್ಣಗೆ ತಗುಲಿತು. ಅಂಗಿ ಎದೆಯ ಮೇಲೆ ಸುತ್ತಿಕೊಂಡಿತ್ತು, ಕೆಳಗೆ ಅವನ ಹೊಟ್ಟೆಯ ತೊಗಲೆಲ್ಲ ಹಗಲು ಬೆಳಕಿನಲ್ಲಿ ಜೋತು ಬಿದ್ದು ಗಾಳಿಗೆ ಆಡುತ್ತಿತ್ತು. ಕೆಳಗೆ ಬಸ್ ನಿಲ್ದಾಣದಲ್ಲಿ ಜನ ತಲೆಯೆತ್ತಿದ್ದರು. ಎದುರು ಕಟ್ಟಡದ ಕಚೇರಿಯವರು ಕಿಟಕಿಗೆ ಮುಗಿಬಿದ್ದಿದ್ದರು. ನಾಲ್ಕೈದು ಫೋನುಗಳು ಮೇಲಕ್ಕೆ ಎದ್ದಿದ್ದವು.

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಆ ಗಳಿಗೆಯಲ್ಲಿ ಅವನಿಗೆ ಸಾವಿನ ನೆನಪೇ ಬರಲಿಲ್ಲ. ಅಂಗಿ ಕೆಳಗೆಳೆದುಕೊಳ್ಳಬೇಕು ಅನ್ನುವುದೊಂದೇ. ಎಡಗೈ ಬೆರಳು ಅಂಗಿಯ ಅಂಚಿಗೆ ತಡಕಾಡಿತು. ಮೊಣಕೈ ಪಕ್ಕೆಯಿಂದ ಒಂದು ಅಂಗುಲ ಬಿಟ್ಟಿತು, ಪಟ್ಟಿ ಎರಡು ಅಂಗುಲ ಮೇಲೆ ಸರಿಯಿತು.

'ನೋಡ್ಲಿ,' ಅಂದುಕೊಂಡ. ಹಲ್ಲು ಕಚ್ಚಿದ. 'ನೋಡ್ಕೊಳ್ಳಿ ಎಲ್ರೂ, ಹಾಳಾಗಿ ಹೋಗ್ಲಿ.' ಬೆರಳು ಬಿಡಿಸಿ, ಎರಡೂ ಮೊಣಕೈಗಳನ್ನು ನೋಯುವಷ್ಟು ಪಕ್ಕೆಗೆ ಒತ್ತಿದ. ಇಷ್ಟು ದಿನ ಬಚ್ಚಿಟ್ಟದ್ದು ಇಡೀ ರಸ್ತೆಯ ಮುಂದೆ ತೂಗುತ್ತಿತ್ತು, ಅವನು ಕಣ್ಣು ಕೂಡ ಮುಚ್ಚಲಿಲ್ಲ.

ಭಾವಮೈದುನ ಗೋಡೆಗೆ ಕಾಲು ಕೊಟ್ಟು ಕೊಟ್ಟು ತೂಗಿಕೊಂಡು ಬಂದ. ಮೊದಲ ಸಲ ಕೈ ತಪ್ಪಿತು. ಎರಡನೆಯ ಸಲ ಅರ್ಧ ಮೈ ಹೊರಗೆ ಚಾಚಿ ಡ್ರಮ್ಮಣ್ಣನ ಚಡ್ಡಿಯ ಬೆಲ್ಟು ಹಿಡಿದ. ಖಾಲಿ ತಿರುಗುತ್ತಿದ್ದ ಹಲಗೆಯನ್ನು ಕಾಲಲ್ಲಿ ಎಳೆದು ಭಾವನ ತೊಡೆಯ ಕೆಳಗೆ ತೂರಿಸಿದ. "ಕೂತ್ಕೊಳ್ಳಿ ಭಾವ... ನಿಧಾನ... ಹಾಂ." ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡೇ ನೆಲ ಮುಟ್ಟಿದರು.

ಮೇಸ್ತ್ರಿ ಓಡಿ ಬಂದು ಕೆನ್ನೆಗೆ ಬಾರಿಸುವ ಹಾಗೆ ಕೈಯೆತ್ತಿ, ಬಾರಿಸದೆ, ಸೊಂಟದಿಂದ ಜೋತಾಡುತ್ತಿದ್ದ ಟವೆಲ್ಲನ್ನು ಎಳೆದು ತೆಗೆದ. ಹಸಿರು ಹೂವಿನ ಟವೆಲ್ಲು.

"ಇದೇನಯ್ಯ ಇದು?"

"ತೊಗಲು ಕಾಣಬಾರದು ಅಂತ ಮೇಸ್ತ್ರಿ," ಅಂದ ಡ್ರಮ್ಮಣ್ಣ. ಹೇಳುವಾಗ ಅಳು ಬಂತು, ತಡೆಯಲಿಲ್ಲ.

ಮೇಸ್ತ್ರಿ ಟವೆಲ್ಲನ್ನು ಮಡಚಿ ಅವನ ಹೆಗಲಿಗೆ ಹಾಕಿದ. ಆಮೇಲೆ, "ಮೂರು ದಿನ ಹಗ್ಗದ ಕೆಲಸ ಬಂದ್. ನಾಲ್ಕನೇ ದಿನ ಎಲ್ಲರ ಮುಂದೆ ಅಂಗಿ ಬಿಚ್ಚಿ ಪಟ್ಟಿ ಕಟ್ಟಿ ತೋರಿಸ್ತೀಯ, ಇಲ್ಲ ಸಾಯೋತನಕ ಡ್ರಮ್ಮಿನ ಹತ್ರ ಇರ್ತೀಯ. ಎರಡರಲ್ಲಿ ಒಂದು," ಅಂದ.

ಮನೆಗೆ ಸುದ್ದಿ ಮೊದಲೇ ಹೋಗಿತ್ತು; ಯಾರದೋ ಫೋನಿನಲ್ಲಿ ಹೆಂಡತಿ ಎಲ್ಲ ನೋಡಿದ್ದಳು. ಅವನು ಬಂದು ಕುರ್ಚಿಯ ಮೇಲೆ ಕೂತ. ಅವಳು ಮುಲಾಮಿನ ಡಬ್ಬಿ ಹಿಡಿದು ಎದುರು ನಿಂತಳು.

"ಅಂಗಿ ತೆಗೀರಿ."

"ನಾನೇ ಹಚ್ಕೋತೀನಿ ಬಿಡೇ."

"ರೀ, ಊರಿಗೆಲ್ಲ ತೋರಿಸಿದ್ದಾಯ್ತು. ನಾನೊಬ್ಳೇ ಹೊರಗಿನೋಳಾ?"

ಅವನು ಅಂಗಿ ತೆಗೆದ. ಸೊಂಟದಿಂದ ಕಂಕುಳವರೆಗೆ ಪಟ್ಟಿ ಕೆರೆದುಕೊಂಡು ಹೋದ ಗಾಯ ಕಪ್ಪಿಟ್ಟಿತ್ತು. ಅವಳು ಮಡಿಕೆಗಳನ್ನು ಒಂದೊಂದಾಗಿ ಎತ್ತಿ, ಒರೆಸಿ, ಮುಲಾಮು ಹಚ್ಚಿದಳು. ಒಂದು ಮಡಿಕೆಯ ಕೆಳಗೆ ಬೆರಳು ಗಟ್ಟಿಯಾದದ್ದೇನಕ್ಕೋ ತಾಗಿತು. ನಿಲ್ಲಿಸಿ, ಮತ್ತೆ ಒತ್ತಿ ನೋಡಿದಳು.

"ಸೊಂಟದ ಮೂಳೆ ಇಲ್ಲೇ ಇದೆಯಲ್ರೀ. ತೊಗಲು ಎತ್ತಿ ಹಿಡಿದು, ಇದರ ಮೇಲೆ ಕಟ್ಟೋಕಾಗಲ್ವಾ ಆ ಪಟ್ಟಿ?"

ಅವನು ಬಾಯಿ ತೆರೆದು ಅವಳನ್ನೇ ನೋಡಿದ. ಇಷ್ಟು ಸುಲಭದ್ದು ಹೊಳೆಯಬೇಕಾದರೆ ಅಂಗಿ ಬಿಚ್ಚಬೇಕಾಯಿತು.

ನಾಲ್ಕನೆಯ ದಿನ ತಾರಸಿಯ ಮೇಲೆ ಎಂಟು ಜನ ನಿಂತಿದ್ದರು. ಡ್ರಮ್ಮಣ್ಣ ಅಂಗಿ ಬಿಚ್ಚಿ ನೀರಿನ ತೊಟ್ಟಿಯ ಮೇಲಿಟ್ಟ, ಬನಿಯನ್ನನ್ನೂ ಇಟ್ಟ. ಯಾರೋ ಕೆಮ್ಮಿದರು, ಯಾರೂ ನಗಲಿಲ್ಲ. ಹೊಟ್ಟೆಯ ತೊಗಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು, "ಕಟ್ಟೋ," ಅಂದ. ಭಾವಮೈದುನ ಮೂಳೆಗೆ ಸರಿಯಾಗಿ ಹತ್ತಿ ಬಟ್ಟೆ ಹಾಸಿ, ಪಟ್ಟಿ ಬಿಗಿದು, ಒಳಗೆ ಅಂಗೈ ತೂರಿಸಿದ. ಮುಷ್ಟಿ ಕಟ್ಟಿ ಎಳೆದ. ಬರಲಿಲ್ಲ. ಮೇಸ್ತ್ರಿಯೂ ಬಂದು ಎಳೆದ. ಬರಲಿಲ್ಲ.

"ಏನೋ ನಿನ್ನ ಕೈ, ಐಸಾಗಿದೆ," ಅಂದ ಡ್ರಮ್ಮಣ್ಣ. ಆಗ ಎಲ್ಲರೂ ನಕ್ಕರು. ಅವನಿಗೂ ನಗು ಬಂತು, ಎಷ್ಟೋ ಕಾಲದ ಮೇಲೆ ಹೊಟ್ಟೆ ಕುಣಿಯುವ ಹಾಗೆ ನಕ್ಕ. "ಹೂಂ, ಈಗ ನಿಂದು ತೋರಿಸು."

"ನಂದೇನು ಭಾವ, ಸರಿಯಾಗೇ ಇದೆ."

"ತೋರಿಸೋ."

ಡ್ರಮ್ಮಣ್ಣನ ಅಂಗೈ ಒಳಗೆ ಹೋಯಿತು. ಮುಷ್ಟಿ ಕಟ್ಟಿದ. ಎಳೆದ. ಪಟ್ಟಿ ಕೊಂಡಿಯೊಳಗಿಂದ ಸರ್ರನೆ ಜಾರಿತು, ಮುಷ್ಟಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೊರಗೆ ಬಂತು.

ಮೇಸ್ತ್ರಿ ಕೊಂಡಿಯನ್ನು ಬೆಳಕಿಗೆ ಹಿಡಿದು ನೋಡಿದ. ಪಟ್ಟಿಯನ್ನು ಕಚ್ಚಿ ಹಿಡಿಯುವ ಒಳಗಿನ ಹಲ್ಲುಗಳು ಪೂರ್ತಿ ಸವೆದಿದ್ದವು. "ಎಷ್ಟು ದಿನದಿಂದ ಹೀಗಿದೆಯೋ?"

ಭಾವಮೈದುನನ ಮುಖ ಬಿಳಿಚಿಕೊಂಡಿತ್ತು. "ಗೊತ್ತಿಲ್ಲ ಮೇಸ್ತ್ರಿ. ನೋಡೋರು ಇರಲಿಲ್ಲ."

ಅವನು ಅದನ್ನು ದೂರುವ ದನಿಯಲ್ಲಿ ಹೇಳಲಿಲ್ಲ. ಅದೇ ಡ್ರಮ್ಮಣ್ಣನಿಗೆ ಎದೆಗೆ ಒದ್ದ ಹಾಗಾಯಿತು. ಹನ್ನೊಂದು ದಿನ ತನ್ನ ಹೊಟ್ಟೆಗೆ ಯಾರೂ ಕೈಹಾಕಬಾರದು ಅಂತ ಓಡಿ ಓಡಿ ಗೋಡೆಯಾಚೆ ಇಳಿದವನು, ಒಂದು ದಿನವೂ ತಿರುಗಿ ಈ ಹುಡುಗನ ಪಟ್ಟಿಗೆ ಕೈಹಾಕಿರಲಿಲ್ಲ. ಇದೇ ಪಟ್ಟಿ ಕಟ್ಟಿಕೊಂಡು, ಒಂಬತ್ತನೇ ಮಹಡಿಯಲ್ಲಿ ಅರ್ಧ ಮೈ ಹೊರಗೆ ಚಾಚಿ, ಅವನು ತನ್ನನ್ನು ಹಿಡಿದಿದ್ದ.

"ಬಿಚ್ಚು," ಅಂದ. ಹೊಸ ಪಟ್ಟಿ ತರಿಸಿ, ಅಂಗಿಯಿಲ್ಲದ ಮೈಯಲ್ಲೇ ಮೊಣಕಾಲೂರಿ ಕೂತು, ತನ್ನ ಕೈಯಾರೆ ಕಟ್ಟಿದ. ಅಂಗೈ ಹಾಕಿದ, ಮುಷ್ಟಿ ಎಳೆದ. ಬರಲಿಲ್ಲ. ಇನ್ನೊಮ್ಮೆ ಎಳೆದ.

"ಸಾಕು ಭಾವ, ಬಿಗಿಯಾಗಿದೆ," ಅಂದ ಹುಡುಗ.

"ಸುಮ್ನಿರೋ," ಅಂದು ಡ್ರಮ್ಮಣ್ಣ ಮೂರನೆಯ ಸಲ ಕೈಹಾಕಿದ.