ಕಾಮಣ್ಣನಿಗಾಗಿ ಅಳುವ ಹಕ್ಕು

ಕಡ್ಡಿರಾಂಪುರದ ರುದ್ರಮ್ಮನ ಹೋಟೆಲಿಗೆ ನಾನು ಇಡ್ಲಿಗಾಗಿ ಬರುತ್ತೇನೆ ಎಂದು ನೀವು ತಿಳಿದರೆ ಅದು ಅರ್ಧ ಸತ್ಯ. ಹೆಂಡತಿ ಸಾವಿತ್ರಿ ಹೋದ ಮೇಲೆ ನಾನು ಮಾಡಿದ ಉಪ್ಪಿಟ್ಟನ್ನು ಬೀದಿ ನಾಯಿಯೂ ಮೂಸಿ ನೋಡಿ ಮುಂದೆ ಹೋದದ್ದು ನಿಜ. ಆದರೆ ನಾನಿರುವ ಹೊಸಪೇಟೆಯಲ್ಲಿ ಇಡ್ಲಿಗೆ ಬರವೇ? ಇಲ್ಲಿಗೆ ಬಂದರೆ ಬೆಳಿಗ್ಗೆ ಒಬ್ಬರು ‘ಬರ್ರಿ ಸರ, ಕುಂದ್ರಿ’ ಅನ್ನುತ್ತಾರೆ. ಮನೆಯಲ್ಲಿ ಹಾಗೆ ಅನ್ನುವವರಿಲ್ಲ. ಸಾವಿತ್ರಿ ಹೋದಾಗ ಬಂದವರೆಲ್ಲ ನನ್ನನ್ನು ಗಟ್ಟಿ ಮನುಷ್ಯ ಎಂದು ಹೊಗಳಿದರು. ಹೊಗಳಿಸಿಕೊಂಡ ತಪ್ಪಿಗೆ ಗಟ್ಟಿಯಾಗಿಯೇ ಉಳಿದೆ.

ಮೊನ್ನೆ ಹೋಳಿಯ ಹಿಂದಿನ ದಿನ, ಹಂಪಿಯಲ್ಲಿ ಬಣ್ಣ ಆಡಲು ಬಂದಿದ್ದ ಸ್ಪೇನ್ ದೇಶದ ಹೆಂಗಸೊಬ್ಬಳು ನನ್ನ ಮೇಜಿಗೇ ಬಂದು ಕುಳಿತು ತನ್ನೂರಿನ ಕಾರ್ನಿವಲ್ಲಿನ ವಿಡಿಯೋ ತೋರಿಸಿದಳು. ವೇಷ, ವಾದ್ಯ, ಕುಣಿತ ಎಲ್ಲ ಮುಗಿದ ಕೊನೆಯ ದಿನ, ಮೀಸೆಯ ಗಂಡಸರೇ ಕರಿ ಲಂಗ ತೊಟ್ಟು, ಕಾಗದದ ದೊಡ್ಡ ಮೀನೊಂದನ್ನು ಚಟ್ಟದ ಮೇಲೆ ಹೊತ್ತು, ಬೋರಾಡಿ ಅಳುತ್ತ ಸುಡಲು ಒಯ್ಯುತ್ತಿದ್ದಾರೆ! ನೋಡುವವರು ಬಿದ್ದು ಬಿದ್ದು ನಗುತ್ತಿದ್ದಾರೆ. ನನಗೆ ನಗು ಬರಲಿಲ್ಲ, ಹೊನ್ನೂರಪ್ಪ ನೆನಪಾದ.

ಹೊನ್ನೂರಪ್ಪ ಹಿಂದೆ ನಾವು ಕಂಪ್ಲಿಯಲ್ಲಿದ್ದಾಗ ನಮ್ಮ ಎದುರುಮನೆಯವನು, ಕಬ್ಬಿನ ಗಾಡಿ ಹೊಡೆಯುತ್ತಿದ್ದ. ಕಾಮದಹನದ ಸಂಜೆ ನಮ್ಮ ಓಣಿಯಲ್ಲಿ ರತಿಯಾಗಿ ಅಳುವ ಹಕ್ಕು ಅವನದು. ಆ ದಿನ ಮೀಸೆ ಬೋಳಿಸಿ, ಹೆಂಡತಿ ಗಂಗಮ್ಮನ ಹಸಿರು ಸೀರೆ ಉಟ್ಟು, ಕಟ್ಟಿಗೆ ರಾಶಿಯ ಮೇಲೆ ಕುಳಿತ ಕಾಮಣ್ಣನ ಬೊಂಬೆಯ ಮುಂದೆ ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದ. ‘ನನ್ನ ರಾಜಾ, ಮಂಡಕ್ಕಿ ಒಗ್ಗರಣಿ ಮಿರ್ಚಿ ತಿನ್ನದ ಹೋದ್ಯೇನೋ! ನಿನ್ನ ಚಪ್ಲಿ ಇನ್ನ್ಯಾರು ಮೆಟ್ತಾರೋ!’ ತಾನೇ ನೆರಿಗೆ ಸರಿಮಾಡಿ ಕಳಿಸಿದ ಗಂಗಮ್ಮ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಒಂದು ವರ್ಷ ದೀಪಾವಳಿ ಕಳೆದ ಮೇಲೆ ಗಂಗಮ್ಮ ಜ್ವರ ಬಂದು ತೀರಿಕೊಂಡಳು. ಮಣ್ಣು ಮಾಡುವಾಗ ಹೊನ್ನೂರಪ್ಪ ಅಳಲು ಬಾಯಿ ತೆರೆದ. ಹಿರಿಯರು ಭುಜ ಹಿಡಿದು, ‘ಗಂಡ್ಸು ನೀನು, ಗಟ್ಟಿ ಆಗು’ ಅಂದರು. ಆದ. ಹೋಳಿ ಬಂದಾಗ, ‘ಪಾಪ, ಈ ಸಲ ಅವನಿಗೆ ತ್ರಾಸು ಬ್ಯಾಡ’ ಎಂದು ಮಾತಾಡಿಕೊಂಡು ಓಣಿಯವರು ಬಸ್ಯಾ ಎಂಬ ಇನ್ನೊಬ್ಬನಿಗೆ ಸೀರೆ ಉಡಿಸಿದರು. ಒಳ್ಳೆಯ ಮನಸ್ಸಿನಿಂದಲೇ ಉಡಿಸಿದರು. ಅಷ್ಟರಲ್ಲಿ ಹೊನ್ನೂರಪ್ಪ ಬಂದ. ಮೀಸೆ ಬೋಳಿಸಿದ್ದ. ಕಂಕುಳಲ್ಲಿ ಹಸಿರು ಸೀರೆ ಇತ್ತು.

‘ನೀ ಕುಂದ್ರಪ್ಪ,’ ಅಂದರು ಹಿರಿಯರು. ‘ಈ ಸಲ ನಿನಗ್ಯಾಕ?’

ಅವನು ಬಸ್ಯಾನನ್ನು ನೋಡಿದ. ‘ಮಣ್ಣಾಗ ಇಡೋವಾಗ ಅಳಬ್ಯಾಡ ಅಂದ್ರಿ, ಅಳಲಿಲ್ಲ. ಈ ದಿನದ ದಾರಿ ಕಾಯ್ಕೊಂತ ಕುಂತಿದ್ದೆ. ಇಲ್ಲೂ ಬ್ಯಾಡ ಅಂದ್ರ ನಾ ಎಲ್ಲಿ ಅಳ್ಲಿ?’

ಬಸ್ಯಾ ಉಟ್ಟ ಸೀರೆ ಬಿಚ್ಚಬೇಕೋ ಬೇಡವೋ ತಿಳಿಯದೆ ನಿಂತ. ಹಲಗೆಯವನು ಸುಮ್ಮನಿರಲಾರದೆ ಬಾರಿಸತೊಡಗಿದ, ಯಾರೋ ಬೆಂಕಿ ಹಚ್ಚಿದರು. ಹೊನ್ನೂರಪ್ಪ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ಆಮೇಲೆ ಯಾವ ಹೋಳಿಗೂ ಅವನು ಮೀಸೆ ಬೋಳಿಸಲಿಲ್ಲ.

ಇದನ್ನೆಲ್ಲ ನನ್ನ ಹರುಕು ಇಂಗ್ಲಿಷಿನಲ್ಲಿ ಹೇಳಿದೆ. ಆ ಹೆಂಗಸಿಗೆ ಎಷ್ಟು ತಿಳಿಯಿತೋ, ‘ಹೇಗೆ ಅಳುತ್ತಿದ್ದ, ತೋರಿಸಿ’ ಅಂದಳು. ನಾಚಿಕೆಯಾಯಿತು. ಆದರೂ ಅಂಗೈಯಿಂದ ಬಾಯಿ ಬಡಿದುಕೊಂಡು ಲಬೋ ಲಬೋ ಎಂದೆ. ಒಲೆಯ ಮುಂದಿದ್ದ ರುದ್ರಮ್ಮ, ‘ಭಾಳ ಮಸ್ತ್ ಅಳ್ತೀರಲ್ರೀ ಸರ!’ ಎಂದು ನಕ್ಕಳು. ನಾನೂ ನಕ್ಕು ಇನ್ನೊಮ್ಮೆ ಹೊಯ್ಕೊಂಡೆ. ಕಾಮಣ್ಣಾ ಎನ್ನಬೇಕಾದ ಕಡೆ ಬಾಯಿಗೆ ಸಾವಿತ್ರೀ ಎಂದು ಬಂತು. ಅಳು ನಿಲ್ಲಿಸಲು ನೋಡಿದೆ, ಆಗಲಿಲ್ಲ.

ಪಕ್ಕದ ಮೇಜಿನವನೊಬ್ಬ ಎದ್ದು ಬಂದು ನನ್ನ ಭುಜಕ್ಕೆ ಕೈ ಹಾಕಿ, ‘ಗಟ್ಟಿ ಆಗ್ರಿ’ ಎನ್ನತೊಡಗಿದ. ರುದ್ರಮ್ಮ ಸೌಟು ಹಿಡಿದೇ ಬಂದು ಅವನ ಕೈ ಸರಿಸಿದಳು.

‘ಬಿಡಪ್ಪ ಅವರನ್ನ. ಅಳ್ರಿ ಸರ. ಇಡ್ಲಿ ಆಮ್ಯಾಲ ಬಿಸೀವು ಕೊಡ್ತೀನಿ.’