ಕಂಪ್ಯೂಟರಿನ ಹಣೆ

ನಾನು ಶಾಲೆ ಬಿಟ್ಟದ್ದು ೧೯೮೭ರಲ್ಲಿ, ಏಳನೆಯ ತರಗತಿ ಮುಗಿಸಿ. ಮುಗಿಸಿ ಎಂದರೆ ಪರೀಕ್ಷೆಗೆ ಕೂತು ಎದ್ದು ಬಂದೆ ಎಂದಷ್ಟೇ ಅರ್ಥ. ಫಲಿತಾಂಶ ನೋಡಲು ನಾನು ಹೋಗಲಿಲ್ಲ, ಹೇಳಿ ಕಳಿಸುವ ಅವಸರ ಮಾಸ್ತರರಿಗೂ ಇದ್ದಂತೆ ಕಾಣಲಿಲ್ಲ. ಈ ಸಂಗತಿಯನ್ನು ಯಾರಿಗಾದರೂ ಮೊದಲೇ ಹೇಳಿಬಿಡುವುದು ನನ್ನ ರೂಢಿ. ಆಮೇಲೆ ನಾನು ಮಾಡಿ ತೋರಿಸಿದ್ದೆಲ್ಲ ಕೇಳುವವರಿಗೆ ಇದ್ದದ್ದಕ್ಕಿಂತ ಒಂದು ಗೇಣು ಎತ್ತರ ಕಾಣುತ್ತದೆ.

ಮೊನ್ನೆ ಮಹಾನವಮಿಯ ಬೆಳಿಗ್ಗೆ ಅಂಗಡಿಯಲ್ಲಿ ಖಂಡೇಪೂಜೆಗೆಂದು ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದೆ. ಹಸಿ ವಿಭೂತಿಯ ವಾಸನೆ ನಿಮಗೆ ಗೊತ್ತಿರಬೇಕು. ಒದ್ದೆ ಮಣ್ಣಿನದೂ ಅಲ್ಲ, ಸುಣ್ಣದ್ದೂ ಅಲ್ಲ, ಎರಡರ ನಡುವಿನದು. ಕತ್ತರಿಗೆ ಹಚ್ಚಿದೆ, ಸ್ಕೇಲಿಗೆ ಹಚ್ಚಿದೆ, ಕಟಿಂಗ್ ಮಷೀನಿಗೆ ಹಚ್ಚಿದೆ. ಕಂಪ್ಯೂಟರಿನ ಮುಂದೆ ಬಂದಾಗ ಮಾತ್ರ ಮೂರೂ ಬೆರಳು ಗಾಳಿಯಲ್ಲೇ ನಿಂತವು. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಣ್ಣು ಮುಚ್ಚಿಕೊಂಡು ಹಚ್ಚಿದ ಜಾಗಕ್ಕೆ ಈ ಸಲ ಹಚ್ಚಬೇಕೋ ಬೇಡವೋ ತಿಳಿಯಲಿಲ್ಲ. ಯಾಕೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಿಮಗೆ ಅವಸರವಿಲ್ಲದಿದ್ದರೆ ಕೂತುಕೊಳ್ಳಿ.

ಕುಷ್ಟಗಿಯ ಬಸ್ ನಿಲ್ದಾಣದ ರಸ್ತೆಯಲ್ಲಿ ನನ್ನದು ರೇಡಿಯಂ ಅಂಗಡಿ. ಹೆಡ್‌ಲೈಟಿನ ಬೆಳಕು ಬಿದ್ದರೆ ಹೊಳೆಯುವ ಅಂಟುಹಾಳೆಗೆ ನಮ್ಮ ಕಡೆ ರೇಡಿಯಂ ಎನ್ನುತ್ತಾರೆ. ಅದನ್ನು ಅಕ್ಷರವಾಗಿ, ಚಿತ್ರವಾಗಿ ಕತ್ತರಿಸಿ ವಾಹನಗಳಿಗೆ ಅಂಟಿಸುವುದು ನನ್ನ ಕಸುಬು. ಟ್ರ್ಯಾಕ್ಟರಿನವರಿಗೆ ಮನೆದೇವರ ಹೆಸರು ಬೇಕು, ಅದರ ಕೆಳಗೆ ಮಕ್ಕಳ ಹೆಸರು ಬೇಕು. ಮಗಳ ಹೆಸರು ಮರೆತವರು ಮರುದಿನ ಮತ್ತೆ ಬರುತ್ತಾರೆ. ಬರುವಾಗ ಮುಖ ಸಣ್ಣದಾಗಿರುತ್ತದೆ. ಹನುಮನಹಳ್ಳಿ ಕಡೆಯ ಆಟೋದವರು ಹನುಮಪ್ಪನನ್ನು ಕೇಳುತ್ತಾರೆ, ಅದೂ ಸಿಟ್ಟಿಗೆದ್ದವನನ್ನು. ಶಾಂತವಾಗಿ ಕೂತವನನ್ನು ತೋರಿಸಿದರೆ “ಇಂವ ಗಾಡಿ ಎಳಿಯಂಗ ಕಾಣಂಗಿಲ್ರಿ” ಎಂದು ಬದಿಗೆ ಸರಿಸುತ್ತಾರೆ.

ಶಾಲೆ ಬಿಟ್ಟ ಮೇಲೆ ನಾನು ಗಂಗಾವತಿಯಲ್ಲಿ ಬೋರ್ಡು ಬರೆಯುವ ಉಸ್ತಾದರೊಬ್ಬರ ಕೈಕೆಳಗೆ ಬಣ್ಣ ಕಲೆಸುತ್ತ ಬೆಳೆದವನು. ಇಂಗ್ಲಿಷ್ ಅಕ್ಷರಗಳನ್ನು ಕಲಿತದ್ದು ಓದಲಿಕ್ಕಲ್ಲ, ಬರೆಯಲಿಕ್ಕೆ. ಯಾವ ಅಕ್ಷರದ ಹೊಟ್ಟೆ ಎಷ್ಟು, ಬಾಲ ಎಷ್ಟು ಎಂಬುದು ಈಗಲೂ ಕೈಗೆ ಗೊತ್ತಿದೆ. ಅವು ಅಕ್ಕಪಕ್ಕ ಕೂತು ಏನು ಮಾತಾಡುತ್ತವೆ ಎಂಬುದು ಬೋರ್ಡು ಬರೆಸಿದವರಿಗೆ ಬಿಟ್ಟದ್ದು.

ಕುಂಚದ ಕಾಲ ಮುಗಿಯುತ್ತ ಬಂತು ಎಂಬುದರ ವಾಸನೆ ನನಗೆ ಬೇಗ ಬಡಿಯಿತು. ಕುಷ್ಟಗಿಗೆ ಬಂದು ಕಟಿಂಗ್ ಮಷೀನು ಹಾಕಿದೆ. ಮಷೀನಿಗೊಂದು ಕಂಪ್ಯೂಟರ್, ಕಂಪ್ಯೂಟರಿಗೆ ಆಗಿನ ವಿಂಡೋಸ್ ತೊಂಬತ್ತೆಂಟು. ಆ ಕಾಲಕ್ಕೆ ನಾನು ಕಂಡ ಕಂಪ್ಯೂಟರುಗಳಲ್ಲೆಲ್ಲ ಇದ್ದದ್ದು ಕೈಯಿಂದ ಕೈಗೆ ದಾಟಿ ಬಂದ ನಕಲು. ನಾನು ಮಾತ್ರ ಅಸಲಿಯನ್ನೇ ಕೊಂಡೆ. ಏಳನೆಯ ತರಗತಿಯವನು ಮನೆಗೆ ಏನು ತಂದರೂ ಅದರ ಪುರಾವೆ ಸರಿಯಾಗಿರಬೇಕು. ಇಲ್ಲದಿದ್ದರೆ ಜನ ಮೊದಲು ಅವನ ಶಾಲೆಯನ್ನು ಕೇಳುತ್ತಾರೆ.

ಕಂಪ್ಯೂಟರ್ ಕೊಟ್ಟ ಹುಬ್ಬಳ್ಳಿಯ ಅಂಗಡಿಯವರು ಐದೈದರ ಗುಂಪಾಗಿ ಇಪ್ಪತ್ತೈದು ಅಕ್ಷರಗಳ ಸಾಲಿದ್ದ ಒಂದು ಚೀಟಿ ತೋರಿಸಿದರು. “ಇದು ಲೈಸೆನ್ಸ್ ಕೀ ರಿ. ಮುಂದ ಯಾವಾಗರ ಮತ್ತ ವಿಂಡೋಸ್ ಹಾಕಬೇಕಾದ್ರ ಇದನ್ನ ಕೇಳತೈತಿ. ಇದು ಹೋತಂದ್ರ ನೀವು ಕೊಂಡದ್ದೂ ಒಂದ, ಕದ್ದದ್ದೂ ಒಂದ.” ಅದನ್ನು ಕಂಪ್ಯೂಟರಿನ ಡಬ್ಬಿಯ ಹಿಂದೆ ಅಂಟಿಸಲು ಹೊರಟವರ ಕೈ ತಡೆದು ಮುಂದೆಯೇ ಅಂಟಿಸಿಕೊಂಡೆ. ಹಿಂದೆ ಅಂಟಿಸಿದರೆ ಗಿರಾಕಿಗಳಿಗೆ ಕಾಣುವುದು ಹೇಗೆ?

ಆ ಸಾಲಿನ ಮೇಲೆ ನನಗೆ ಒಂದು ಬಗೆಯ ಮೋಹವೇ ಹುಟ್ಟಿತು. ಬೇರೆ ಇಂಗ್ಲಿಷ್ ಏನಿದ್ದರೂ ಬಿ.ಎ. ಆದವರು ಓದಿಕೊಂಡು ಮುಂದೆ ಹೋಗುತ್ತಿದ್ದರು, ನಾನು ಅಲ್ಲೇ ನಿಂತಿರುತ್ತಿದ್ದೆ. ಈ ಸಾಲಿನ ಮುಂದೆ ಅವರೂ ನಿಲ್ಲಬೇಕು. ಮಷೀನು ಬಂದ ದಿನ ಪರೀಕ್ಷೆಗೆಂದು ನಾನು ಮೊದಲು ಕತ್ತರಿಸಿದ್ದು ಅದನ್ನೇ, ಕೆಂಪು ರೇಡಿಯಂನಲ್ಲಿ. ಮೂರನೆಯ ಗುಂಪಿನಲ್ಲಿ ಎರಡು ಕ್ಯೂ ಜೋಡಿಯಾಗಿ ಕೂತಿದ್ದವು. ಹಾಳೆ ಕೀಳುವಾಗ ಅವುಗಳ ಬಾಲ ಕಿತ್ತು ಬಂದು ಮತ್ತೆ ಕತ್ತರಿಸಬೇಕಾಯಿತು. ಇಡೀ ಸಾಲನ್ನು ನನ್ನ ಮೊಪೆಡ್ಡಿನ ಹಿಂದಿನ ಮಡ್‌ಗಾರ್ಡಿಗೆ ಅಂಟಿಸಿಕೊಂಡು ಊರೆಲ್ಲ ತಿರುಗಿದೆ. ಉಳಿದವರು ಅದೇ ಜಾಗದಲ್ಲಿ ತಾಯಿಯ ಆಶೀರ್ವಾದ ಎಂದು ಬರೆಸುತ್ತಿದ್ದರು. ಏನಿದು ಎಂದು ಕೇಳಿದವರಿಗೆ “ಅಸಲಿ ಮಾಲಿನ ಗುರುತು” ಎನ್ನುತ್ತಿದ್ದೆ. ಕೇಳದೆ ಹೋದವರನ್ನು ನಿಲ್ಲಿಸಿ ಹೇಳಿದ್ದೂ ಉಂಟು.

ಆ ವರ್ಷದ ಖಂಡೇಪೂಜೆಗೆ ಅವ್ವ ಅಂಗಡಿಗೆ ಬಂದಳು. ವಿಭೂತಿಯ ಬಟ್ಟಲು ಹಿಡಿದು ಕಂಪ್ಯೂಟರನ್ನು ಒಂದು ಸುತ್ತು ನೋಡಿ, “ಇದರ ಹಣಿ ಎಲ್ಲೈತೋ?” ಎಂದಳು. ಅವ್ವ ಹಣೆ ಗೊತ್ತುಮಾಡಿಕೊಳ್ಳದೆ ಯಾವುದನ್ನೂ ಪೂಜಿಸಿದವಳಲ್ಲ. ಒರಳಿಗೂ ಕೂರಿಗೆಗೂ ಅವಳ ಲೆಕ್ಕದಲ್ಲಿ ಒಂದೊಂದು ಹಣೆಯಿತ್ತು. ನಾನು ಪರದೆಯ ಕಡೆ ಕೈ ತೋರಿಸಿದೆ.

“ಅದು ಮಾರಿ. ನಾ ಹಣಿ ಕೇಳಾಕತ್ತೀನಿ.”

ಸ್ವಲ್ಪ ಯೋಚಿಸಿ ಚೀಟಿಯನ್ನು ತೋರಿಸಿದೆ. “ಇದ ನೋಡವಾ. ಇದರ ಜೀವಾ ಪೂರಾ ಇಲ್ಲೇ ಬರದೈತಿ.”

ಅವ್ವನಿಗೆ ಒಪ್ಪಿಗೆಯಾಯಿತು. ಒದ್ದೆ ಬಟ್ಟೆಯಿಂದ ಚೀಟಿಯನ್ನು ಚೆನ್ನಾಗಿ ಒರೆಸಿ, ಮೂರು ಬೆರಳಿನಿಂದ ವಿಭೂತಿ ಎಳೆದು, ನಡುವೆ ಕುಂಕುಮದ ಬೊಟ್ಟಿಟ್ಟಳು. ಮುಂದೆ ಅವಳ ಮೊಣಕಾಲು ಸೋತ ಮೇಲೆ ಆ ಕೆಲಸ ನನಗೆ ಬಂತು. ವರ್ಷಕ್ಕೊಮ್ಮೆ ಮಾಡಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಅಮಾವಾಸ್ಯೆಗೂ ಇರಲಿ, ಸೋಮವಾರಕ್ಕೂ ಇರಲಿ ಎಂದು ನಾನೇ ಹೆಚ್ಚಿಸಿಕೊಂಡೆ. ಅಸಲಿ ವಸ್ತುವಿಗೆ ಮರ್ಯಾದೆ ಕಡಿಮೆಯಾಗಬಾರದಲ್ಲ.

ಇನ್ನು ವೀರೇಶ. ಪಕ್ಕದ ಓಣಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು, ಡಿಪ್ಲೊಮಾ ಓದಿದವನು, ನನಗಿಂತ ಎಂಟು-ಹತ್ತು ವರ್ಷ ಚಿಕ್ಕವನು. ಕುಷ್ಟಗಿಯಿಂದ ಯಲಬುರ್ಗಾದ ತನಕ ಯಾರ ಮನೆಯಲ್ಲಿ ಕಂಪ್ಯೂಟರ್ ಮಲಗಿದರೂ ಹೋಗಿ ಎಬ್ಬಿಸಿ ಬರುತ್ತಿದ್ದ. ಎಬ್ಬಿಸುವುದು ನಕಲಿ ವಿಂಡೋಸಿನಿಂದ. ನಾನು ಸುಮ್ಮನಿರುತ್ತಿರಲಿಲ್ಲ. “ಏನಪಾ, ಇವತ್ತ ಎಷ್ಟ ಮಂದಿಗೆ ಕಳ್ಳ ಮಾಲು ಹಾಕಿ ಬಂದಿ?” ಎಂದು ನಾಲ್ಕು ಜನರ ಮುಂದೆ ಕೇಳುತ್ತಿದ್ದೆ. ಅವನು ನಗುತ್ತಿದ್ದ. “ನಿಮ್ಮಂಥಾರು ಒಬ್ರು ಅಸಲಿ ಇದ್ರ ಸಾಕ್ರಿ ಅಣ್ಣಾರ, ಅದರ ಮ್ಯಾಲ ನಮ್ಮದೆಲ್ಲಾ ನಡೀತೈತಿ.” ಈ ಮಾತನ್ನು ನಾನು ವರ್ಷಗಟ್ಟಲೆ ಹೊಗಳಿಕೆಯೆಂದೇ ಇಟ್ಟುಕೊಂಡಿದ್ದೆ.

ಈ ಸಲ ಮಹಾನವಮಿಗೆ ಒಂದು ವಾರ ಇರುವಾಗ ಕಂಪ್ಯೂಟರ್ ಕೂತಲ್ಲೇ ಕೂತಿತು. ವೀರೇಶ ಬಿಚ್ಚಿ ನೋಡಿ ಹಾರ್ಡ್ ಡಿಸ್ಕ್ ಹೋಗಿದೆ ಎಂದ. ತನ್ನ ಹಳೆಯ ಸಾಮಾನಿನಲ್ಲಿ ಅದೇ ಕಾಲದ ಇನ್ನೊಂದನ್ನು ಹುಡುಕಿ ಹಾಕಿದ. ಅದು ಖಾಲಿ, ವಿಂಡೋಸನ್ನು ಮತ್ತೆ ಮೊದಲಿನಿಂದ ಹಾಕಬೇಕು. ಹೊಸ ವಿಂಡೋಸ್ ನನ್ನ ಕಟಿಂಗ್ ಮಷೀನಿಗೆ ತಿಳಿಯುವುದಿಲ್ಲ. ಅದೂ ನನ್ನ ಹಾಗೆ, ಕಲಿಯುವುದನ್ನು ಒಂದು ಹಂತಕ್ಕೆ ನಿಲ್ಲಿಸಿದೆ. ತೊಂಬತ್ತೆಂಟೇ ಆಗಬೇಕು. ಅದರ ಸಿ.ಡಿ. ಅವ್ವನ ಸಂದೂಕಿನಲ್ಲಿ ಸೀರೆಗಳ ನಡುವೆ ಭದ್ರವಾಗಿತ್ತು. ಪೂಜೆಗೆ ಸಿಗದೆ ಇದ್ದದ್ದರಿಂದ ಅದು ಉಳಿದಿತ್ತು ಎಂದು ಆಮೇಲೆ ಹೊಳೆಯಿತು.

ಸಿ.ಡಿ. ಹಾಕಿದೆವು. ಪರದೆ ಲೈಸೆನ್ಸ್ ಕೀ ಕೇಳಿತು. ನಾನು ಗತ್ತಿನಿಂದ ಬಗ್ಗಿದೆ. ಚೀಟಿ ಇತ್ತು, ಅಕ್ಷರ ಇರಲಿಲ್ಲ. ವಿಭೂತಿ ಬಳಿದು, ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಬಳಿದು ಎಲ್ಲವೂ ಹೋಗಿತ್ತು. ಬೆರಳು ಮುಟ್ಟದ ಬಲತುದಿಯಲ್ಲಿ ಕೊನೆಯ ಎರಡು ಮಾತ್ರ ಉಳಿದಿದ್ದವು: ಒಂದು ಡಬ್ಲ್ಯೂ, ಒಂದು ಏಳು.

ಊಟದ ಡಬ್ಬಿ ತಂದಿದ್ದ ನನ್ನ ಹೆಂಡತಿ ಶಾಂತವ್ವ ತಾನೂ ಬಗ್ಗಿ ನೋಡಿದಳು. “ಕಳ್ಳರು ಒಯ್ದಿದ್ರ ಪೊಲೀಸರಿಗರ ಹೇಳಬೌದಿತ್ತು. ನೀವ ತಿಕ್ಕಿ ತಿಕ್ಕಿ ಕಳಕೊಂಡೀರಿ. ಯಾರಿಗಂತ ಹೇಳೂದು?”

ಆಗ ಮೊಪೆಡ್ ನೆನಪಾಯಿತು. ಅದನ್ನು ತಾವರಗೇರಾದ ಹಾಲಿನವರೊಬ್ಬರಿಗೆ ಮಾರಿದ್ದೆ. ಫೋನು ಮಾಡಿದರೆ, “ಅದು ಗುಜರಿಗೆ ಹೋಗಿ ಭಾಳ ವರ್ಷ ಆತ್ರಿ. ಆದ್ರ ನಿಮ್ಮ ಅಕ್ಷರ ಕಡೀತನಕಾ ಒಂದೂ ಎದ್ದಿರಲಿಲ್ಲ ನೋಡ್ರಿ, ಛಲೋ ಕೆಲಸ” ಎಂದರು. ನನ್ನ ಕೆಲಸದ ಹೊಗಳಿಕೆ ಅಷ್ಟು ಕಹಿಯಾಗಿ ನನಗೆ ಎಂದೂ ಕೇಳಿಸಿರಲಿಲ್ಲ.

“ನನ್ನ ಕೀ ಹಾಕ್ಲ್ಯಾ ಅಣ್ಣಾರ?” ಎಂದ ವೀರೇಶ, ಮೆಲ್ಲಗೆ.

“ಬ್ಯಾಡ,” ಎಂದೆ.

ಎರಡು ದಿನ ಹಾಗೇ ಬಿಗಿದುಕೊಂಡು ಕೂತೆ. ಹಬ್ಬದ ಮುಂದಿನ ಈ ವಾರವೇ ನಮ್ಮ ಸುಗ್ಗಿ. ಟ್ರ್ಯಾಕ್ಟರಿನವರೆಲ್ಲ ಪೂಜೆಗೆ ಮೊದಲು ಹೊಸ ಅಕ್ಷರ ಹಾಕಿಸಬೇಕು. ಕುಂಚ ಹಿಡಿದು ನೋಡಿದೆ, ಗೆರೆ ಸೊಟ್ಟಗೆ ಹೋಯಿತು. ಯಲಬುರ್ಗಾ ಕಡೆಯಿಂದ ಬಂದ ಒಬ್ಬರು ಅಂಗಡಿಯ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು, “ನಿಮ್ಮ ಅಸಲಿ ಕಟ್ಟಿಗೊಂಡು ನಮಗೇನಾಗಬೇಕ್ರಿ? ದೇವರ ಹೆಸರಿಲ್ಲದ ಗಾಡಿಗೆ ನಾ ಕಾಯಿ ಒಡೀಬೇಕೇನು?” ಎಂದರು. ವೀರೇಶನನ್ನು ಕರೆಸಿದೆ.

“ಹಾಕಪಾ ನಿಂದನ್ನ,” ಎಂದೆ. ಇಷ್ಟು ಹೇಳುವಾಗ ನಾನು ಅವನ ಮುಖ ನೋಡಲಿಲ್ಲ, ಕ್ಯಾಲೆಂಡರ್ ನೋಡಿದೆ.

ವೀರೇಶ ಚಹಾ ಕುಡಿಯುತ್ತ ಕಣ್ಣು ಮುಚ್ಚಿಕೊಂಡು ಒಂದೊಂದೇ ಅಕ್ಷರ ಹೇಳತೊಡಗಿದ. ನಾನು ಒಂದೇ ಬೆರಳಿನಿಂದ ಒತ್ತುತ್ತ ಹೋದೆ. ಮೂರನೆಯ ಗುಂಪಿಗೆ ಬಂದಾಗ ಅವನು ಕ್ಯೂ ಎಂದ, ಮತ್ತೆ ಕ್ಯೂ ಎಂದ. ಬೆರಳಿಗೆ ಏನೋ ನೆನಪಾದಂತಾಯಿತು. ಎರಡು ಬಾಲ ಕಿತ್ತು ಬಂದ ನೆನಪು. ಮುಂದೆ ಒತ್ತಿದೆ. ಕೊನೆಗೆ ಅವನು ಡಬ್ಲ್ಯೂ ಎಂದ, ಏಳು ಎಂದ. ನಾನು ಚೀಟಿಯ ಬಲತುದಿಯನ್ನು ನೋಡಿದೆ.

“ವೀರೇಶಾ, ಇದು ಎಲ್ಲಿ ಸಿಕ್ತು ನಿನಗ?”

ಅವನು ಕಪ್ಪು ಕೆಳಗಿಟ್ಟ. “ಹೇಳಾಕ ಬೇಕೇನ್ರಿ?”

“ಹೇಳು.”

“ಆಗ ನಾ ಕಾಲೇಜಿಗೆ ಹೊಕ್ಕಿದ್ನಿ. ಬಸ್‌ಸ್ಟ್ಯಾಂಡಿನಾಗ ನೀವು ಗಾಡಿ ನಿಲ್ಲಿಸಿದ್ರಿ. ಹಿಂದ ಕೆಂಪಗ ಹೊಳಿಯಾಕತ್ತಿತ್ತು. ನನಗ ಅದು ಏನಂತ ಗೊತ್ತಿತ್ತು. ಬಸ್ಸು ಬರೂತನಕಾ ಬಾಯಿಪಾಠ ಮಾಡೀನಿ.”

“ಎಷ್ಟ ಮಂದಿಗೆ ಹಾಕೀದಿ?”

“ಲೆಕ್ಕ ಎಲ್ಲಿಂದು ಬಂತ್ರಿ. ಆ ಕಾಲದಾಗ ನಾ ಎಬ್ಬಿಸಿದ ಕಂಪ್ಯೂಟರೆಲ್ಲಾ ನಿಮ್ಮ ಪುಣ್ಯಾದಾಗ ಎದ್ದಾವ.”

“ಮತ್ತ ಇಷ್ಟ ವರ್ಷ ಕಳ್ಳ ಮಾಲು, ಕಳ್ಳ ಮಾಲು ಅಂದ್ರ ನಕ್ಕೋತ ನಿಂದರತಿದ್ದೆಲ್ಲೋ?”

“ನಿಮ್ಮ ಮಾಲಿಗೆ ನೀವ ಬೈತಿದ್ರಿ. ನಡಬರಕ ನಾ ಯಾಕ ಬಾಯಿ ಹಾಕ್ಲಿ?”

ಸಿಟ್ಟು ಬರುತ್ತದೆಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ನನ್ನ ಬೀಗದ ಕೈಯನ್ನು ನಾನೇ ರಾತ್ರಿಯೂ ಹೊಳೆಯುವ ಹಾಗೆ ಬರೆದು, ಬೆನ್ನಿಗೆ ಕಟ್ಟಿಕೊಂಡು ಊರು ಸುತ್ತಿದ್ದೆ. ಓದಿಕೊಂಡವನನ್ನು ಬೈಯುವುದು ಹೇಗೆ? ಎಂಟರ್ ಒತ್ತಿದೆ. ಕಂಪ್ಯೂಟರ್ ಅಸಲಿಯೋ ಕದ್ದದ್ದೋ ಎಂದು ಕೇಳಲಿಲ್ಲ, ಮುಂದೆ ಹೋಯಿತು. ಕಟಿಂಗ್ ಸಾಫ್ಟ್‌ವೇರಿನ ಸಿ.ಡಿ.ಯೂ ಅದೇ ಸಂದೂಕಿನಿಂದ ಬಂತು. ಸಂಜೆಯ ಹೊತ್ತಿಗೆ ಯಲಬುರ್ಗಾದವರ ಟ್ರ್ಯಾಕ್ಟರಿಗೆ ಮನೆದೇವರು ಬಂದು ಕೂತ.

ಹೀಗಾಗಿ ಮೊನ್ನೆ ನನ್ನ ಬೆರಳುಗಳು ಗಾಳಿಯಲ್ಲಿ ನಿಂತದ್ದು. ಚೀಟಿಯಲ್ಲಿ ಅಳಿಸಲಿಕ್ಕೆ ಇನ್ನು ಏನೂ ಇರಲಿಲ್ಲ, ಅದಕ್ಕೆ ಹೆದರಿಕೆಯಿಲ್ಲ. ಆದರೆ ಅವ್ವ ಕೇಳಿದ್ದ ಪ್ರಶ್ನೆ ಮತ್ತೆ ಎದ್ದು ಕೂತಿತ್ತು: ಇದರ ಹಣೆ ಈಗ ಎಲ್ಲಿದೆ? ಪೂಜೆಯ ಮಂಡಕ್ಕಿ ತಿನ್ನಲು ಬಂದಿದ್ದ ವೀರೇಶ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ಅವನನ್ನು ಹತ್ತಿರ ಕರೆದು ಅವನ ಹಣೆಗೆ ಮೂರು ಬೆರಳು ಎಳೆದೆ.

“ಏ, ನನಗ್ಯಾಕ್ರಿ ಅಣ್ಣಾರ?”

“ಸುಮ್ನಿರು. ಕೀ ಈಗ ಇರೂದು ಅಲ್ಲೇ.”

“ಹಂಗಾರ ಸಾವಕಾಶ ಹಚ್ಚರಿ,” ಎಂದ. “ಇದನ್ನೂ ಅಳಿಸೀರಿ.”

ಕೀಯನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ ಎಂದು ಶಾಂತವ್ವ ಅಂದಿನಿಂದ ಹೇಳುತ್ತಲೇ ಇದ್ದಾಳೆ. ಇನ್ನೂ ಬರೆದಿಲ್ಲ. ಈಗ ನನ್ನ ಹತ್ತಿರ ಇರುವುದು ಇಷ್ಟು: ಅಂಗಡಿ ಒಂದು, ಕಟಿಂಗ್ ಮಷೀನು ಒಂದು, ಎದ್ದು ಕೂತ ಕಂಪ್ಯೂಟರ್ ಒಂದು, ಎರಡಕ್ಷರ ಉಳಿದ ಚೀಟಿ ಒಂದು, ವೀರೇಶ ಒಬ್ಬ.