ಬೊಗಸೆಗೆ ಹುಯ್ದ ನೀರು

ಗುಜರಾತಿಗೆ ಬಂದ ಎಂಟನೆಯ ದಿನ ಒಬ್ಬ ಹೆಂಗಸು ನನ್ನನ್ನು ಹೊಸ್ತಿಲಾಚೆ ನಿಲ್ಲಿಸಿ, ಕೈ ಒಡ್ಡು ಎಂದು ಸನ್ನೆ ಮಾಡಿ, ಮೇಲಿನಿಂದ ನೀರು ಹುಯ್ದಳು. ಲೋಟ ಕೊಡಲಿಲ್ಲ. ಐವತ್ತಮೂರು ವರ್ಷ ನೀರು ಕುಡಿದಿದ್ದ ನನಗೆ ಆವತ್ತು ನೀರು ಕುಡಿಯಲು ಬರಲಿಲ್ಲ. ಬೊಗಸೆಯ ಸಂದಿನಿಂದ ಸೋರಿ, ಮೊಣಕೈಯಿಂದ ಇಳಿದು, ಇಸ್ತ್ರಿ ಮಾಡಿದ ಅಂಗಿಯೆಲ್ಲ ಒದ್ದೆಯಾಯಿತು. ಬಾಯಿಗೆ ಸಿಕ್ಕಿದ್ದು ಎರಡು ಗುಟುಕು. ಅವಳು ಚೊಂಬು ಎತ್ತಿಕೊಂಡು ಒಳಗೆ ಹೋದಳು.

ನಾನು ಅವಳ ಮನೆಗೆ ಹೋಗಿದ್ದು ಬಾಡಿಗೆ ಕೋಣೆ ಕೇಳಲು. ಟೈಲ್ಸ್ ಕಾರ್ಖಾನೆಗಳ ಆ ಊರಿನಲ್ಲಿ ಕೂಲಿಯವರಿಗೆಂದು ಸಾಲಾಗಿ ಕಟ್ಟಿ ತಗಡು ಹೊದಿಸಿದ ಕೋಣೆಗಳಿರುತ್ತವೆ. ಅವಕ್ಕೆ ಓರಡಿ ಎನ್ನುತ್ತಾರೆ. ಅವಳು ಮೊದಲು ಕೇಳಿದ್ದು, "ತಮೇ ಕೇವಾ?" ನೀವು ಎಂಥವರು ಎಂದು ಅದರ ಅರ್ಥ, ಕೇಳುವುದು ಮಾತ್ರ ಜಾತಿಯನ್ನು. ನಾನು ಎದೆಯುಬ್ಬಿಸಿ "ಗೌಡ" ಎಂದೆ. ಅವಳು ಒಳಗಿದ್ದ ಗಂಡನನ್ನು ಕೇಳಿದಳು. ಅವನಿಗೂ ಗೊತ್ತಾಗಲಿಲ್ಲ. ನಮ್ಮ ಕೊಡಿಗೇನಹಳ್ಳಿಯಲ್ಲಿ, ಮಧುಗಿರಿಯ ಕಚೇರಿಗಳಲ್ಲಿ, ಹೊಳವನಹಳ್ಳಿಯ ಬೀಗರ ಓಣಿಯಲ್ಲಿ, ಶಿರಾ ಪಾವಗಡದ ಸಂತೆಗಳಲ್ಲಿ ಆ ಒಂದು ಮಾತಿಗೆ ಕುರ್ಚಿ ಬರುತ್ತಿತ್ತು. ಇಲ್ಲಿ ಅದು ಬರೀ ಒಂದು ಸದ್ದು. ಹಾಗಾದರೆ ಕೆಲಸವೇನು ಎಂದು ಕೇಳಿದಳು. ನರಸಪ್ಪನ ಇಡ್ಲಿ ಗಾಡಿಯಲ್ಲಿ ತಟ್ಟೆ ತೊಳೆಯುತ್ತೇನೆ ಎಂದು ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಹೇಳಿದೆ. ಅಷ್ಟು ಸಾಕಾಯಿತು, ಕೋಣೆ ಇಲ್ಲ ಎಂದಳು. ನರಸಪ್ಪ ಎಂಥವನೆಂದು ಅವಳಿಗೆ ಗೊತ್ತಿತ್ತು. ಕೇಳಿದವರ ಹತ್ತಿರ ಅವನು ಏನನ್ನೂ ಮುಚ್ಚಿಟ್ಟಿರಲಿಲ್ಲ.

ನರಸಪ್ಪ ನಮ್ಮೂರಿನ ಕಾಲೋನಿಯವನು. ಅವನ ತಾಯಿ ನಮ್ಮ ಹೊಲದಲ್ಲಿ ಕಳೆ ಕಿತ್ತವಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವನಾದ ಅವನು ಮೊದಲು ಗುಜರಾತಿಗೆ ಹೋಗಿ ಕಾರ್ಖಾನೆಯಲ್ಲಿ ಜೇಡಿಮಣ್ಣು ಹೊತ್ತು, ಆಮೇಲೆ ಅದರ ಗೇಟಿನ ಮುಂದೆಯೇ ಇಡ್ಲಿ ಗಾಡಿ ಇಟ್ಟಿದ್ದ. ನಾನು ಆ ವರ್ಷ ಪಂಚಾಯಿತಿ ಚುನಾವಣೆಗೆ ನಿಂತು ಸೋತಿದ್ದೆ. ಬಸ್‌ ಸ್ಟ್ಯಾಂಡಿನಲ್ಲಿ ಯಾರು ನಕ್ಕರೂ ನನ್ನನ್ನೇ ನೋಡಿ ನಕ್ಕಂತೆ ಕಾಣುತ್ತಿತ್ತು. ಯುಗಾದಿಗೆ ಬಂದಿದ್ದ ನರಸಪ್ಪ ತಮಾಷೆಗೆ, "ಇಲ್ಲೇನ್ ಮಾಡ್ತೀರ ಗೌಡ್ರೇ, ನನ್ ಗಾಡೀಗೆ ಒಂದಾಳು ಬೇಕು, ಬಂದ್ಬುಡಿ" ಎಂದ. ಮೂರನೆಯ ದಿನ ನಾನು ಬ್ಯಾಗು ಹಿಡಿದು ನಿಂತಾಗ ಅವನಿಗೇ ಗಾಬರಿಯಾಯಿತು.

ಒದ್ದೆ ಅಂಗಿಯಲ್ಲಿ ವಾಪಸು ಬಂದು ನಡೆದದ್ದನ್ನು ಹೇಳಿದಾಗ ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಸಂದು ಮುಚ್ಬೇಕು ಗೌಡ್ರೇ. ಇಂಗೆ, ಎರಡು ಕಿರುಬೆಳ್ಳೂ ಒಂದಕ್ಕೊಂದು ಒತ್ತಿ. ಮೊಣಕೈ ಮುಂದಕ್ಕೆ ಚಾಚಿ ಬಗ್ಬೇಕು. ನೆಟ್ಟಗೆ ನಿಂತ್ರೆ ಹೆಂಗೆ ಕುಡೀತೀರ? ನಮ್ಮವ್ವ ನಂಗೆ ನಾಲ್ಕು ವರ್ಸಕ್ಕೇ ಕಲ್ಸಿದ್ಲು."

ಎಲ್ಲಿ ಎಂದು ಕೇಳುವ ದಡ್ಡತನ ಮಾಡಿದೆ.

"ನಿಮ್ಮನೆ ಕೊಟ್ಟಿಗೆ ಮುಂದೆ" ಎಂದು ಅವನು ಸೌಟು ಎತ್ತಿಕೊಂಡ.

ನನ್ನ ಕಾಲಕ್ಕೆ ನಾವು ಸುಧಾರಿಸಿದ್ದೇವೆ ಎಂದುಕೊಂಡಿದ್ದೆ. ಬೊಗಸೆ ತಪ್ಪಿಸಿ ಒಂದು ಸ್ಟೀಲ್ ಲೋಟ ಇಟ್ಟಿದ್ದೆವು. ನಮ್ಮ ಮನೆಯ ಪಾತ್ರೆಗಳ ಮೇಲೆಲ್ಲ ಹೆಸರು ಕೊರೆಸಿತ್ತು. ಅದರ ಮೇಲೆ ಇರಲಿಲ್ಲ. ಕೊಟ್ಟಿಗೆ ಗೋಡೆಯ ಗೂಡಿನಲ್ಲಿ ಅದು ಬೋರಲು ಬಿದ್ದಿರುತ್ತಿತ್ತು. ಕುಡಿದವರೇ ತೊಳೆದಿಡಬೇಕು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆ ಮೊದಲ ವಾರ ನಾನು ನರಸಪ್ಪ ಬೇಯಿಸಿದ್ದನ್ನು ತಿನ್ನಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಬಾಳೆಹಣ್ಣು, ಬ್ರೆಡ್ಡಿನಲ್ಲಿ ಕಾಲ ತಳ್ಳಿದೆ. ಅವನ ಕೋಣೆಯಲ್ಲಿ ಮಲಗುತ್ತಿದ್ದೆ, ಅವನ ಸೋಪಿನಲ್ಲಿ ಸ್ನಾನ ಮಾಡುತ್ತಿದ್ದೆ, ಅವನ ಅನ್ನ ಮಾತ್ರ ಬೇಡ. ಬೇರೆ ಕೋಣೆ ಹುಡುಕಲು ಹೋಗಿದ್ದೂ ಅದಕ್ಕೇ. ಆ ದಿನ ಅವನು ಊರಿಂದ ತಂದ ಹಿಟ್ಟಿನಲ್ಲಿ ಮುದ್ದೆ ತಿರುವಿ, ಹುರುಳಿ ಸಾರು ಕಾಯಿಸಿದ. ನಾನು ಹೋಗಿ ಎದುರಿಗೆ ಕೂತೆ.

"ಹೊಟ್ಟೆ ಸರಿಹೋಯ್ತಾ ಗೌಡ್ರೇ?"

"ಹೋಯ್ತು ಕಣಯ್ಯ."

"ನೀರ್ ಬದಲಾದ್ರೆ ಅಂಗೇ" ಎಂದು ಮುದ್ದೆ ಮುರಿದು ಹಾಕಿದ. ಮುಖದಲ್ಲಿ ನಗು ಇರಲಿಲ್ಲ.

ಪಕ್ಕದ ಓರಡಿಯ ಒಡಿಶಾದವರು ನಾವು ಕಂದು ಉಂಡೆ ನುಂಗುವುದನ್ನು ಕಂಡು, ಈ ಮದ್ರಾಸಿಗಳು ಕಾರ್ಖಾನೆಯ ಮಣ್ಣು ತಿನ್ನುತ್ತಾರೆ ಎಂದು ಸುದ್ದಿ ಹಬ್ಬಿಸಿದರು. ಇಲ್ಲಿಯವರ ಸಜ್ಜೆ ರೊಟ್ಟಿಗೆ ರೋಟ್ಲೋ ಎನ್ನುತ್ತಾರೆ. ಮಜ್ಜಿಗೆಗೆ ಛಾಸ್. ಬೇಳೆಗೆ ಬೆಲ್ಲ ಹಾಕುತ್ತಾರೆ. ಅದು ಒಗ್ಗಲು ಎರಡು ವರ್ಷ ಬೇಕಾಯಿತು. ನಮ್ಮಲ್ಲಿ ಧೂಳು ಕೆಂಪು, ಇಲ್ಲಿ ಬಿಳಿ. ಜೇಡಿಮಣ್ಣಿನ ಹುಡಿ ಬೇವಿನ ಎಲೆಯ ಮೇಲೆ, ರೆಪ್ಪೆಯ ಮೇಲೆ, ಇಡ್ಲಿಯ ಮೇಲೂ ಕೂರುತ್ತದೆ. ಎಲ್ಲಕ್ಕಿಂತ ಕಷ್ಟವಾದದ್ದು ಬೆಟ್ಟವಿಲ್ಲದಿರುವುದು. ನಮ್ಮ ಕಡೆ ಎಲ್ಲಿ ನಿಂತು ತಲೆ ಎತ್ತಿದರೂ ಯಾವುದಾದರೊಂದು ಬಂಡೆ ಕಣ್ಣಿಗೆ ಅಡ್ಡ ಬರುತ್ತದೆ. ಇಲ್ಲಿ ನೋಟ ಹೋಗಿ ಎಲ್ಲಿಯೂ ನಿಲ್ಲುವುದಿಲ್ಲ. ಮೊದಮೊದಲು ಎಚ್ಚರದಲ್ಲೇ ತಲೆ ತಿರುಗಿದಂತಾಗುತ್ತಿತ್ತು.

ಮೂರನೆಯ ವರ್ಷ ನನಗೆ ಕಾಮಾಲೆಯಾಯಿತು. ಇಪ್ಪತ್ತು ದಿನ ನರಸಪ್ಪ ನನ್ನ ವಾಂತಿ ಬಳಿದ. ಒಂದು ಬೆಳಿಗ್ಗೆ ಗಂಜಿ ತಂದು ನನ್ನ ಕತ್ತಿನ ಹಿಂದೆ ಕೈ ಕೊಟ್ಟು, "ಏಳಣ್ಣ, ಎರಡು ಗುಟುಕು ಕುಡಿ" ಎಂದ. ಅಣ್ಣ ಎಂದದ್ದು ಅವನಿಗೆ ಗೊತ್ತಾಯಿತೋ ಇಲ್ಲವೋ. ನನಗೆ ಗೊತ್ತಾಯಿತು. ನನ್ನ ಸ್ವಂತ ತಮ್ಮ ಆಸ್ತಿ ಪಾಲಾದ ಮೇಲೆ ನನ್ನನ್ನು ಹಾಗೆ ಕರೆದಿರಲಿಲ್ಲ. ಗಂಜಿ ಕುಡಿದು ಗೋಡೆಯ ಕಡೆ ಮುಖ ಮಾಡಿ ಮಲಗಿದೆ.

ಅಲ್ಲಿಂದ ನಾನು ಅವನಿಗೆ ಅಣ್ಣನಾದೆ. ಪಾತ್ರೆ ಅಂಗಡಿಯಲ್ಲಿ ಅಗಲವಾದ ಒಂದು ತಣಿಗೆ ಕೊಂಡೆವು, ಇಬ್ಬರೂ ಒಂದರಲ್ಲೇ ಉಣ್ಣಲು. ಹೆಸರು ಕೊರೆಯುವವನಿಗೆ ಗುಜರಾತಿ ಬಿಟ್ಟು ಬೇರೆ ಅಕ್ಷರ ಬಾರದು. ಇಬ್ಬರ ಹೆಸರನ್ನೂ ಅದರಲ್ಲೇ ಕೊರೆದ. ನಮಗಿಬ್ಬರಿಗೂ ಆ ಅಕ್ಷರ ಓದಲು ಬರುತ್ತಿರಲಿಲ್ಲ. "ಇದ್ರಾಗೆ ನೀನ್ಯಾರು ನಾನ್ಯಾರು ಗೊತ್ತಾಗಲ್ಲ ಬುಡಣ್ಣ" ಎಂದು ನರಸಪ್ಪ ಬೆರಳಾಡಿಸಿದ. ನೀರು ಹುಯ್ದ ಆ ಹೆಂಗಸೂ ಅಷ್ಟರಲ್ಲಿ ಬದಲಾಗಿದ್ದಳು. ನಮ್ಮ ಇಡ್ಲಿ ಅವಳ ಮೊಮ್ಮಕ್ಕಳಿಗೆ ರುಚಿ ಹತ್ತಿ, ಒಂದು ದಿನ ನನ್ನನ್ನು ಕಾಕಾ, ಅಂದರೆ ಚಿಕ್ಕಪ್ಪ, ಎಂದು ಕರೆದು ಮನೆಯ ಕಪ್ಪಿನಲ್ಲೇ ಚಹಾ ಕೊಟ್ಟಳು. ನರಸಪ್ಪನಿಗೂ ಕೊಟ್ಟಳು.

ದೂರದ ಊರು ಮನುಷ್ಯನನ್ನು ತಿದ್ದುತ್ತದೆ ಎಂದು ಆಗ ನಂಬಿದ್ದೆ. ನಾನು ತಿದ್ದಿಕೊಂಡವನು ಎಂಬ ಹೆಮ್ಮೆ ಬಂದಿತ್ತು.

ಎಂಟನೆಯ ವರ್ಷ ಇಬ್ಬರೂ ಒಟ್ಟಿಗೆ ಊರಿಗೆ ಬಂದೆವು. ಮಾರನೆಯ ಬೆಳಿಗ್ಗೆ ನಾನು ನಮ್ಮ ಜಗಲಿಯ ಮೇಲೆ ಕೂತಿದ್ದೆ. ಪಕ್ಕದಲ್ಲಿ ನನ್ನ ದೊಡ್ಡಪ್ಪನ ಮಗ ರಂಗಣ್ಣ. ಕಂಬಕ್ಕೆ ಒರಗಿ, ಚುನಾವಣೆಯಲ್ಲಿ ನನ್ನನ್ನು ಸೋಲಿಸಿದ್ದ ಮೆಂಬರು. ನರಸಪ್ಪ ಬಿಳಿ ಅಂಗಿ ಹಾಕಿಕೊಂಡು, ನನ್ನ ಹೆಂಡತಿ ಜಯಮ್ಮನಿಗೆಂದು ಗುಜರಾತಿನಿಂದ ತಂದ ಸಿಹಿಯ ಡಬ್ಬಿ ಹಿಡಿದು ಅಂಗಳಕ್ಕೆ ಬಂದ. ಬರುತ್ತಲೇ ಕೂಗಿದ: "ಏನಣ್ಣ, ಇನ್ನೂ ಮುಖ ತೊಳ್ದಿಲ್ವಾ?"

ಮೆಂಬರು ಬಾಯಲ್ಲಿದ್ದ ಕಡ್ಡಿ ತೆಗೆದು, "ಏನ್ಲಾ ಗೌಡ, ಗುಜರಾತಲ್ಲಿ ತಮ್ಮ ಹುಟ್ಟವ್ನೆ? ನಿಮ್ಮಪ್ಪ ಅಷ್ಟು ದೂರ ಯಾವಾಗ್ ಹೋಗಿದ್ರು?" ಎಂದ. ರಂಗಣ್ಣ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕ.

ಅಷ್ಟರಲ್ಲಿ ಜಯಮ್ಮ ನೀರು ತಂದಳು. ಇಲ್ಲಿಯವರೆಗೆ ಈ ಕಥೆಯನ್ನು ಯಾರಿಗೆ ಹೇಳಿದರೂ, ಹಳ್ಳಿ ಹೆಂಗಸು, ಅವಳಿಗೇನು ಗೊತ್ತು, ಗೂಡಿನ ಲೋಟವನ್ನೇ ಕೊಟ್ಟುಬಿಟ್ಟಳು ಎಂದು ಹೇಳಿದ್ದೇನೆ. ಸುಳ್ಳು. ಅವಳ ಕೈಯಲ್ಲಿದ್ದದ್ದು ಮನೆಯ ಲೋಟ. ಮದುವೆಯಲ್ಲಿ ಅವಳ ತವರಿನವರು ಹೆಸರು ಕೊರೆಸಿ ಕೊಟ್ಟದ್ದು. ನನ್ನ ಕಾಗದಗಳಲ್ಲಿ ನರಸಪ್ಪನ ಸುದ್ದಿ ಓದಿಸಿಕೊಂಡು, ನನಗೆ ಗಂಜಿ ಕುಡಿಸಿದವನೆಂದು ಅವಳೇ ಅದನ್ನು ಆರಿಸಿ ತಂದಿದ್ದಳು. ಮೆಟ್ಟಿಲು ಇಳಿಯುವ ಮುಂಚೆ ನನ್ನ ಮುಖ ನೋಡಿದಳು. ನಾನು ಕೊಟ್ಟಿಗೆಯ ಗೂಡಿನ ಕಡೆ ನೋಡಿದೆ. ಕಣ್ಣು ಮಾತ್ರ ಆಡಿಸಿದೆ, ಅಷ್ಟೇ. ಕಣ್ಣಾಡಿಸಿದ್ದನ್ನು ನರಸಪ್ಪನೂ ನೋಡಿದ.

ಜಯಮ್ಮ ಒಂದು ಗಳಿಗೆ ನಿಂತು, ಲೋಟ ಒಳಗಿಟ್ಟು, ಚೊಂಬು ತಂದಳು. ಗೂಡಿನಲ್ಲಿದ್ದದ್ದನ್ನು ತೆಗೆದು ಸೆರಗಿನಿಂದ ಧೂಳು ಒರೆಸಿದಳು.

"ಲೋಟ ಯಾಕೆ ಎಂಜಲು ಮಾಡೋದು ಬುಡ್ರವ್ವ" ಎಂದ ನರಸಪ್ಪ. ಡಬ್ಬಿಯನ್ನು ಜಗಲಿಯ ಅಂಚಿಗಿಟ್ಟು ಬಗ್ಗಿ ಬೊಗಸೆ ಒಡ್ಡಿದ. "ಇಂಗೇ ಹುಯ್ಯಿರಿ."

ಅವಳು ಹುಯ್ದಳು. ಒಂದು ಹನಿ ಕೆಳಗೆ ಬೀಳಲಿಲ್ಲ. ಅಂಗಿಯ ತೋಳು ಒದ್ದೆಯಾಗಲಿಲ್ಲ. ಕುಡಿದು ಬಾಯಿ ಒರೆಸಿಕೊಂಡು, ಜಗಲಿಯ ಮೇಲಿದ್ದ ಮೂವರಿಗೂ ಸೇರಿಸಿ ಕೈ ಮುಗಿದು, "ಬತ್ತೀನಿ ಗೌಡ್ರೇ" ಎಂದ.

ವಾಪಸು ಎರಡು ದಿನದ ರೈಲಿನಲ್ಲಿ ಅವನು ತನ್ನ ಬುತ್ತಿ ಬೇರೆ ಬಿಚ್ಚಿದ. ಓರಡಿಗೆ ಬಂದ ಮೇಲೆ ಒಂದು ಹೊಸ ತಟ್ಟೆ, ಒಂದು ಲೋಟ ತಂದು ನನ್ನ ಮುಂದಿಟ್ಟ. "ಇವು ನಿಮ್ದು ಗೌಡ್ರೇ." ಎರಡು ಹೆಸರಿನ ತಣಿಗೆಯನ್ನು ಇಡ್ಲಿ ಹಿಟ್ಟಿನ ಪಾತ್ರೆಗೆ ಮುಚ್ಚಳ ಮಾಡಿದ. ಅದು ಇವತ್ತಿಗೂ ಮುಚ್ಚಳವೇ.

ನಾನು ಕಾಲು ಹಿಡಿಯುವುದೊಂದು ಬಾಕಿ. "ತಪ್ಪಾಯ್ತು ನರಸಪ್ಪ" ಎಂದೆ.

"ನಿಮ್ದೇನ್ ತಪ್ಪು? ಮರ್ತಿದ್ದೋನು ನಾನು."

"ಏನ್ ಮಾಡ್ಲಿ ಹೇಳು."

ಅವನು ಅಕ್ಕಿಯ ಮೊರ ಮುಂದಕ್ಕೆಳೆದುಕೊಂಡ. ಆಮೇಲೆ ಹೇಳಿದ: "ಇಲ್ಲಿ ನಾವಿಬ್ರೇ ಇರೋವಾಗ ಹೇಳಿದ್ರೆ ಏನ್ ಬಂತು ಗೌಡ್ರೇ. ಜಗಲಿ ಮ್ಯಾಲೆ ಹೇಳಿ, ಅವ್ರೆಲ್ಲ ಕೂತಿರೋವಾಗ. ಇವನು ನನ್ನ ತಮ್ಮ ಅನ್ನಿ. ನಾನು ಇಲ್ದಿದ್ರೂ ಪರವಾಗಿಲ್ಲ. ನೀವು ಹೇಳಿದ್ರಿ ಅಂತ ನಂಗೆ ಗೊತ್ತಾಯ್ತದೆ."

ಅದಾದ ಮೇಲೆ ಎರಡು ಸಲ ಊರಿಗೆ ಹೋಗಿದ್ದೇನೆ. ಮೊದಲ ಸಲ ಜಗಲಿ ತುಂಬಿತ್ತು. ನಾನು ಮಳೆಯ ಬಗ್ಗೆ, ಕಡಲೆಕಾಯಿಯ ಬಗ್ಗೆ ಮಾತಾಡಿದೆ. ಎರಡನೆಯ ಸಲ ಹೋಗುವಷ್ಟರಲ್ಲಿ ಮೆಂಬರು ತೀರಿಕೊಂಡಿದ್ದ, ರಂಗಣ್ಣ ಹಾಸಿಗೆ ಹಿಡಿದಿದ್ದ. ಖಾಲಿ ಜಗಲಿ ನೋಡಿ ನನಗೆ ನೆಮ್ಮದಿಯಾಯಿತು. ಇನ್ನು ಯಾರಿಗೂ ಹೇಳಬೇಕಾಗಿಲ್ಲ ಎಂದು. ಅಂಥ ಮನುಷ್ಯ ನಾನು. ಇದನ್ನು ತಿಳಿಯಲು ಇಷ್ಟು ದೂರ ಬರಬೇಕಾಯಿತು. ಆದರೆ ತಿಳಿದದ್ದರಿಂದ ನಾನು ಬೇರೆಯವನಾಗಲಿಲ್ಲ.

ಈಗ ನನಗೆ ಅರವತ್ತೆಂಟು. ಹೋದ ಚಳಿಗಾಲದಲ್ಲಿ ನರಸಪ್ಪನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಇಲ್ಲಿಗೇ ಮದುವೆಯಾಗಿ ಬಂದಿರುವ ಅವನ ಮಗಳು ಬೆಳಿಗ್ಗೆ ಬಂದು ಅಡುಗೆ ಮಾಡಿಟ್ಟು ಕೆಲಸಕ್ಕೆ ಹೋಗುತ್ತಾಳೆ. ಗಾಡಿ ನಿಂತಿದೆ. ಅವನಿಗೆ ಮೈ ತೊಳೆಯುವುದು, ಬಟ್ಟೆ ಬದಲಿಸುವುದು, ಹೊರಳಿಸಿ ಮಲಗಿಸುವುದು ನಾನು. ಅದಕ್ಕೆಲ್ಲ ಅವನು ಸುಮ್ಮನಿರುತ್ತಾನೆ. ಆದರೆ ನಾನು ಲೋಟ ಬಾಯಿಗಿಟ್ಟರೆ ಮುಖ ತಿರುಗಿಸುತ್ತಾನೆ. ಮಗಳು ಹಿಡಿದರೆ ಕುಡಿಯುತ್ತಾನೆ.

ಜಯಮ್ಮ ಫೋನು ಮಾಡಿ, "ಸಾಕು, ಬಂದ್ಬುಡಿ, ಈ ವಯಸ್ಸಲ್ಲಿ ಆ ಮರಳುಗಾಡಲ್ಲೇನು" ಎನ್ನುತ್ತಾಳೆ. ಗೂಡಿನ ಲೋಟ ಬಿಸಾಡು ಎಂದು ಒಂದು ಸಲ ಹೇಳಿದೆ. "ಅದನ್ನ ಅವತ್ತೇ ಬಾವಿಗೆ ಹಾಕ್ದೆ, ನಿಮಗೆ ಹೇಳ್ಲಿಲ್ಲ ಅಷ್ಟೇ" ಎಂದಳು. ಅಲ್ಲಿ ಹೋದರೆ ಜಗಲಿ ಇದೆ. ಮಧುಗಿರಿ ದಾಟಿದ ಮೇಲೆ ಬಸ್ಸಿನ ಕಿಟಕಿಗೆ ಬರುವ ಬಂಡೆಗಳು ಇವೆ. ಕನಸು ಬಿದ್ದರೆ ಅವೇ ಬೀಳುತ್ತವೆ, ಕನಸಿನಲ್ಲಿ ನಾನು ಗುಜರಾತಿಯಲ್ಲಿ ಮಾತಾಡುತ್ತಿರುತ್ತೇನೆ. ಇಲ್ಲಿ ಓಣಿಗೆಲ್ಲ ನಾನು ಕಾಕಾ. ಇರುವ ಒಂದೇ ಕೋಣೆಯೊಳಗೆ ಮಾತ್ರ ಗೌಡ.

ಇದನ್ನು ಊರಿನ ಕಡೆಯವರು ಓದಲೆಂದೇ ಬರೆದೆ. ಮೊನ್ನೆ ಮಧ್ಯಾಹ್ನ ಇಲ್ಲಿಯವರೆಗೆ ಬರೆದದ್ದನ್ನು ನರಸಪ್ಪನ ಪಕ್ಕ ಕೂತು ಓದಿ ಹೇಳಿದೆ. ಗೂಡಿನ ಕಡೆ ನಾನೇ ನೋಡಿದ್ದು ಎಂಬ ಸಾಲನ್ನು ಎರಡು ಸಲ ಓದಿದೆ. ಅವನು ತಗಡಿನ ಸೂರು ನೋಡುತ್ತ ಪೂರ್ತಿ ಕೇಳಿದ. ಸೊಟ್ಟಗಾದ ಬಾಯಲ್ಲಿ ನಿಧಾನವಾಗಿ ಕೇಳಿದ:

"ಕಾಗ್ದ ಜಗಲಿ ಆಯ್ತದಾ ಗೌಡ್ರೇ?"

ನಾನು ಕಾಗದ ಮಡಚಿಟ್ಟೆ. ಅವನು ನೀರು ಬೇಕೆಂದ. ಲೋಟ ತೆಗೆದುಕೊಂಡೆ. ಬೇಡವೆಂದು ತಲೆಯಾಡಿಸಿ, ಎಬ್ಬಿಸಿ ಕೂರಿಸಲು ಹೇಳಿದ. ಕೂರಿಸಿದೆ. ಬಲಗೈಯಿಂದ ಸತ್ತ ಎಡಗೈಯನ್ನು ಎತ್ತಿ ತಂದು ಮಡಿಲಲ್ಲಿಟ್ಟು, ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬಲಗೈಗೆ ಕೂಡಿಸಿ ಬೊಗಸೆ ಮಾಡಿದ. "ಹುಯ್ಯಿರಿ" ಎಂದ.

ಚೊಂಬು ಎತ್ತಿ ಹುಯ್ದೆ. ಎಡಗೈಯ ಕಡೆಯಿಂದ ನೀರೆಲ್ಲ ಸೋರಿ ಹೊದಿಕೆಯ ಮೇಲೆ ಹರಿಯಿತು. ಬಾಯಿಗೆ ಏನೂ ಹೋಗಲಿಲ್ಲ. ಸಂದು ಮುಚ್ಚೋಣವೆಂದು ನನ್ನ ಕೈಯನ್ನು ಅವನ ಕೈಯ ಕೆಳಗೆ ಕೊಟ್ಟೆ.

"ತೆಗೀರಿ" ಎಂದ. "ನಂಗೆ ಬತ್ತದೆ. ನಾಲ್ಕು ವರ್ಸಕ್ಕೇ ಕಲ್ತಿದ್ದು."

ಕೈ ತೆಗೆದೆ. ಚೊಂಬಿನಲ್ಲಿ ಇನ್ನೂ ನೀರಿತ್ತು. ಅವನು ಮತ್ತೆ ಬೊಗಸೆ ಕೂಡಿಸಿಕೊಳ್ಳುವವರೆಗೆ ಕಾದು, ಮತ್ತೆ ಹುಯ್ದೆ.